ಹಳೆಯ ಉಗಿ ಎಂಜಿನ್ನಿನ ಜೀರ್ಣೋದ್ಧಾರ: ಭೋಸರಿಯ ಒಂದು ವರ್ಕ್‌ಶಾಪಿನ ಸೇವೆ ಹೇಗಿದೆ?

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಯಂತ್ರಗಳನ್ನು ದುರಸ್ತಿ ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದಿದೆ. ಲೇತುಗಳು, ಬಾವಿಯ ದಂಡೆಗೆ ಕೂರಿಸುತ್ತಿದ್ದ ಆಯಿಲ್ ಎಂಜಿನ್ನುಗಳು, ರಸ್ತೆ ಒತ್ತುವ ರೋಲರುಗಳು ಅವರ ನಿತ್ಯದ ಕೆಲಸ. ಕೆಲವು ವರ್ಷಗಳಿಂದ ಪಾರಂಪರಿಕ ಯಂತ್ರಗಳ ಜೀರ್ಣೋದ್ಧಾರವನ್ನೂ ಅವರು ಒಪ್ಪಿಕೊಳ್ಳುತ್ತಿದ್ದಾರೆ. ನಮ್ಮ ಪರಿಚಯದ ಕನ್ನಡ ಕುಟುಂಬವೊಂದು ಪುಣೆಯ ಹೊರವಲಯದಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯನ್ನು ನಡೆಸುತ್ತದೆ. ಹಿಂದೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬು ಎಳೆಯುತ್ತಿದ್ದು, ಆಮೇಲೆ ಗುಜರಿ ಬೆಲೆಗೆ ಮಾರಾಟವಾಗಿ ಈ ಸಂಸ್ಥೆಯ ಅಂಗಳ ಸೇರಿ, ಬಹುಕಾಲ ಮಳೆ ಬಿಸಿಲಿಗೆ ಬಿದ್ದಿದ್ದ ಉಗಿ ಎಂಜಿನ್ನನ್ನು ಈ ವರ್ಕ್‌ಶಾಪಿಗೆ ಒಪ್ಪಿಸಲಾಯಿತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವನು ಎಂಬ ಕಾರಣಕ್ಕೆ ಮೇಲುಸ್ತುವಾರಿ ನನ್ನ ಪಾಲಿಗೆ ಬಂತು. ನಾಲ್ಕಾರು ಜನರೇ ಇರುವ ಘಟಕವಾದ್ದರಿಂದ ವಿಚಾರಣೆಗಳ ಹೊರೆ ಬೇಡವೆಂದು ಮಾಲೀಕರು ಕೇಳಿಕೊಂಡಿದ್ದಾರೆ. ಆದ್ದರಿಂದ ಹೆಸರನ್ನು ಬರೆದಿಲ್ಲ. ಇಂಥ ಕೆಲಸವನ್ನು ಯಾರಿಗೇ ಒಪ್ಪಿಸುವುದಾದರೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ಈ ವಿಮರ್ಶೆ ನೆರವಾಗುತ್ತದೆಂದು ನಂಬಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಬ್ಬಿಣದ ಕೆಲಸದಲ್ಲಿಯೂ ಮಾಡಿದ ಕೆಲಸಕ್ಕೆ ದಾಖಲೆ ಇಡುವುದರಲ್ಲಿಯೂ ಇವರಿಗೆ ಸಮನಾದವರನ್ನು ನಾನು ಪುಣೆ, ಮುಂಬಯಿಗಳಲ್ಲಿ ಕಂಡಿಲ್ಲ. ಬಣ್ಣದ ಕೆಲಸ, ಕಾರ್ಮಿಕರ ಆರೋಗ್ಯದ ಎಚ್ಚರ ಮತ್ತು ಖರ್ಚಿನ ಅಂದಾಜು, ಈ ಮೂರರಲ್ಲಿ ಅವರು ಬಹಳ ಸುಧಾರಿಸಬೇಕಾಗಿದೆ. ಹಳೆಯ ಯಂತ್ರ ಕೈಗೆ ಸಿಕ್ಕಿದೊಡನೆ ಎಷ್ಟನ್ನು ಬದಲಾಯಿಸಬಹುದು ಎಂದು ಲೆಕ್ಕ ಹಾಕುವವರೇ ಹೆಚ್ಚಾಗಿರುವಾಗ, ಎಷ್ಟನ್ನು ಇದ್ದಂತೆಯೇ ಉಳಿಸಬಹುದು ಎಂಬಲ್ಲಿಂದ ಕೆಲಸ ಆರಂಭಿಸುವ ಇವರ ಬಗೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಈ ಬಗೆ ಏಕೆ ಮುಖ್ಯವೆಂದರೆ, ನಮ್ಮಲ್ಲಿ ಕಳೆದುಹೋದದ್ದೇ ಬಹಳ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕ ರೈಲನ್ನು 34 ಕಿಲೋಮೀಟರು ಎಳೆದ ಎಂಜಿನ್ನುಗಳ ಹೆಸರುಗಳಾದ ಸಾಹಿಬ್, ಸಿಂಧ್ ಮತ್ತು ಸುಲ್ತಾನ್ ಶಾಲೆಯ ಮಕ್ಕಳಿಗೂ ಗೊತ್ತು; ಆದರೆ ಆ ಮೂರರಲ್ಲಿ ಒಂದನ್ನಾದರೂ ಮುಟ್ಟಿ ನೋಡುವ ಭಾಗ್ಯ ನಮಗಿಲ್ಲ. ಅದೇ ದಶಕದ, 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತಯಾರಾದ ಫೇರಿ ಕ್ವೀನ್ ಎಂಬ ಎಂಜಿನ್ ಉಳಿದುಕೊಂಡಿತು, 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿತು ಕೂಡ. ಎರಡರ ನಡುವಿನ ವ್ಯತ್ಯಾಸ ಕಬ್ಬಿಣದ ಗುಣದಲ್ಲಿ ಇರಲಿಲ್ಲ. ಒಂದನ್ನು ಕಾಪಿಡಬೇಕೆಂದು ಯಾರಿಗೋ ಸಕಾಲದಲ್ಲಿ ಅನ್ನಿಸಿತ್ತು, ಉಳಿದವುಗಳ ವಿಷಯದಲ್ಲಿ ಹಾಗಾಗಲಿಲ್ಲ. ದೊಡ್ಡ ರೈಲ್ವೆಗಳ ಎಂಜಿನ್ನುಗಳ ಗತಿಯೇ ಹೀಗಿರುವಾಗ, ಕಾರ್ಖಾನೆಗಳ ಒಳಹಳಿಗಳಲ್ಲಿ ದುಡಿದ ಪುಟ್ಟ ಎಂಜಿನ್ನುಗಳ ಬಗ್ಗೆ ಕೇಳುವವರೇ ಇಲ್ಲ. ಅವು ಯಾವ ಸಂಗ್ರಹಾಲಯದ ಪಟ್ಟಿಯಲ್ಲಿಯೂ ಇರುವುದಿಲ್ಲ, ಗುಜರಿ ಗುತ್ತಿಗೆದಾರನ ಗ್ಯಾಸ್ ಕಟರಿಗೆ ಒಂದೇ ದಿನದ ಕೆಲಸವಾಗಿ ಮುಗಿದುಹೋಗುತ್ತವೆ.

ನಮ್ಮದು ಎರಡು ಅಡಿ ಅಗಲದ ಹಳಿಯ, ನಾಲ್ಕೇ ಗಾಲಿಗಳ ಎಂಜಿನ್. ಹಿತ್ತಾಳೆಯ ತಯಾರಕರ ಫಲಕ ಎಂದೋ ಕಳುವಾಗಿತ್ತು. ಸೀಟಿ, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ಚೌಕಟ್ಟು, ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರಿನ ವಾಲ್ವುಗಳು ಹೀಗೆ ಮಾರಾಟವಾಗುವ ಹಳದಿ ಲೋಹವೆಲ್ಲ ಅದರೊಂದಿಗೇ ಹೋಗಿತ್ತು. ಯಾರು ತಯಾರಿಸಿದ್ದೆಂದು ಸಂಸ್ಥೆಯವರಿಗೂ ತಿಳಿದಿರಲಿಲ್ಲ. ವರ್ಕ್‌ಶಾಪಿನ ಮೇಸ್ತ್ರಿ ಮೊದಲ ತಪಾಸಣೆಗೆ ಬಂದಾಗ ಬಾಯ್ಲರನ್ನು ಕೂಡ ನೋಡದೆ, ಗಾಲಿಗಳನ್ನು ಜೋಡಿಸುವ ರಾಡುಗಳ ತುದಿಯಲ್ಲಿ ಹತ್ತಿದ್ದ ಗ್ರೀಸು, ಬಣ್ಣಗಳ ಗಟ್ಟಿ ಪದರವನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಮೆಲ್ಲಗೆ ಒರೆಸತೊಡಗಿದರು. ಕಾರ್ಖಾನೆಗಳು ಸಾಮಾನ್ಯವಾಗಿ ಎಂಜಿನ್ನಿನ ಸರಣಿ ಸಂಖ್ಯೆಯನ್ನು ಫಲಕದಲ್ಲಿ ಮಾತ್ರವಲ್ಲದೆ ಬಿಡಿ ಭಾಗಗಳ ಮೇಲೂ ಒತ್ತಿರುತ್ತವೆ. ಕೆಲಸದ ವೇಳೆ ಒಂದು ಎಂಜಿನ್ನಿನ ರಾಡು ಇನ್ನೊಂದಕ್ಕೆ ಹೋಗದಿರಲೆಂದು ಮಾಡಿದ ಏರ್ಪಾಡು ಅದು. ಅಂಕಿಗಳು ಕಂಡವು. ಎಂಜಿನ್ನಿನ ಮೈಕಟ್ಟು ಮತ್ತು ಆ ಅಂಕಿಗಳೆರಡನ್ನೂ ಜೊತೆಗಿಟ್ಟು ನೋಡಿದಾಗ ಅದು ಜರ್ಮನಿಯ ಓರೆನ್‌ಸ್ಟೈನ್ ಉಂಡ್ ಕೊಪೆಲ್ ಕಂಪನಿಯದೆಂದು ಖಚಿತವಾಯಿತು.

1876ರಲ್ಲಿ ಬೆನ್ನೊ ಓರೆನ್‌ಸ್ಟೈನ್ ಮತ್ತು ಆರ್ಥರ್ ಕೊಪೆಲ್ ಸ್ಥಾಪಿಸಿದ ಆ ಕಂಪನಿ ತೋಟ, ಗಣಿ, ಸಕ್ಕರೆ ಕಾರ್ಖಾನೆಗಳ ಕಿರು ಹಳಿಗಳಿಗೆ ಬೇಕಾದ ಎಂಜಿನ್ನುಗಳನ್ನು ಜಗತ್ತಿನ ಮೂಲೆಮೂಲೆಗೂ ಕಳಿಸಿತ್ತು. ನಮ್ಮ ಭಾಗದವರಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ ಅದರ ಕೆಲಸದ ಪರಿಚಯವಿದೆ. ಸರ್ ಆದಮ್‌ಜೀ ಪೀರ್‌ಭಾಯ್ ಅವರ ಮಗ ಅಬ್ದುಲ್ ಹುಸೇನ್ ನೇರಳದಿಂದ ಮಾಥೇರಾನಿಗೆ ಹಾಕಿಸಿ 1907ರ ಮಾರ್ಚ್ 22ರಂದು ಆರಂಭವಾದ ಬೆಟ್ಟದ ರೈಲಿಗೆ ಬಂದ ನಾಲ್ಕು ಉಗಿ ಎಂಜಿನ್ನುಗಳೂ ಇದೇ ಕಂಪನಿಯವು. 20ಕ್ಕೆ 1ರಷ್ಟು ಕಡಿದಾದ ಏರು, ಹೆಜ್ಜೆಹೆಜ್ಜೆಗೂ ತಿರುವು ಇರುವ ಆ ದಾರಿಗಾಗಿ ಅವುಗಳ ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಕ್ಲೀನ್-ಲಿಂಡ್ನರ್ ಎಂಬ ಟೊಳ್ಳು ಅಚ್ಚಿನ (ಆಕ್ಸಲಿನ) ವ್ಯವಸ್ಥೆಯನ್ನು ಅಳವಡಿಸಿದ್ದರು. ಒಳಗಿನ ಅಚ್ಚು ಗಟ್ಟಿಯಾಗಿ ನಿಂತಿದ್ದರೂ ಅದರ ಸುತ್ತಲಿನ ಟೊಳ್ಳು ಅಚ್ಚು ತಿರುವಿಗೆ ತಕ್ಕಂತೆ ಓರೆಯಾಗುತ್ತಿತ್ತು. 1950ರ ದಶಕದಲ್ಲಿ ಅಲ್ಲಿ ಡೀಸೆಲ್ ಬಂತು, 1980ರ ದಶಕದ ಆರಂಭದಲ್ಲಿ ಉಗಿ ನಿಂತಿತು. ಆ ನಾಲ್ಕರಲ್ಲಿ 741 ಸಂಖ್ಯೆಯದು ಈಗಲೂ ಮಾಥೇರಾನ್ ನಿಲ್ದಾಣದಲ್ಲಿ ನಿಂತಿದೆ, 740 ಸಂಖ್ಯೆಯದು ಇಂಗ್ಲೆಂಡಿನ ಲೇಟನ್ ಬಝರ್ಡ್ ಎಂಬ ಊರು ಸೇರಿದೆ. ನಮ್ಮ ಎಂಜಿನ್ನಿಗೆ ಈ ತಿರುಗುವ ಅಚ್ಚು ಇಲ್ಲ, ಅದು ಬಯಲುಸೀಮೆಯ ಕಬ್ಬಿನ ಗದ್ದೆಗಳಲ್ಲಿ ಓಡಾಡಿದ ಸರಳ ಜೀವ. ಆದರೂ ಫಲಕದ ಆಕಾರ, ಅಕ್ಷರಗಳ ಅಂದ, ಚಾಲಕ ನಿಲ್ಲುವ ಕ್ಯಾಬಿನ ಅಂಚಿನ ಪಟ್ಟಿ ಇವುಗಳಿಗೆ ಮಾದರಿ ಬೇಕೆಂದು ವರ್ಕ್‌ಶಾಪಿನವರು ತಾವೇ ಮಾಥೇರಾನಿಗೆ ಹೋಗಿ ನೋಡಿ ಬಂದರು. ಇದನ್ನು ಅವರು ಬಿಲ್ಲಿಗೆ ಸೇರಿಸಲಿಲ್ಲ.

ಎಂಜಿನ್ನಿಗೆ ಮತ್ತೆ ಉಗಿ ಹಾಕಿ ಓಡಿಸಬಹುದೇ ಎಂಬುದು ಸಂಸ್ಥೆಯವರ ಮೊದಲ ಪ್ರಶ್ನೆಯಾಗಿತ್ತು. ಗಿರಾಕಿ ಆಸೆಪಟ್ಟಾಗ ಹೂಂ ಎನ್ನುವುದು ಸುಲಭ, ಬಿಲ್ಲೂ ದೊಡ್ಡದಾಗುತ್ತದೆ. ಇವರು ಹಾಗೆ ಮಾಡಲಿಲ್ಲ. ಬಾಯ್ಲರಿನ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಚೌಕುಳಿ ಹಾಕಿ ಅಳೆದು, ಬೆಂಕಿ ಉರಿಯುವ ತಾಮ್ರದ ಪೆಟ್ಟಿಗೆಯಾದ ಫೈರ್‌ಬಾಕ್ಸನ್ನು ಹೊರ ತಗಡಿಗೆ ಬಿಗಿದಿಡುವ ಸ್ಟೇ ಬೋಲ್ಟುಗಳನ್ನು ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಬದಲಾದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಅದರ ನಕ್ಷೆಯನ್ನು ನಮ್ಮ ಮುಂದಿಟ್ಟರು. ಮುರಿದ ಸ್ಟೇಗಳು ಒಂದೇ ಮೂಲೆಯಲ್ಲಿ ಗುಂಪಾಗಿದ್ದವು. ಇಂಥ ಎಂಜಿನ್ನುಗಳು ಪ್ರತಿ ಚದರ ಸೆಂಟಿಮೀಟರಿಗೆ 12 ಕಿಲೋ ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುತ್ತಿದ್ದವು. ವಾತಾವರಣದ ಒತ್ತಡಕ್ಕೆ ಬಿಡುಗಡೆಯಾದ ನೀರು ಉಗಿಯಾಗುವಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ದುರ್ಬಲ ಬಾಯ್ಲರಿಗೆ ಬೆಂಕಿ ಹಾಕುವುದೆಂದರೆ ಏನೆಂದು ಅರ್ಥವಾಗುತ್ತದೆ. ಖಾಸಗಿಯವರು ಬಾಯ್ಲರಿಗೆ ಉಗಿ ಹಾಕಬೇಕಾದರೆ ಸರ್ಕಾರದ ಬಾಯ್ಲರ್ ಇನ್‌ಸ್ಪೆಕ್ಟರರ ಪರೀಕ್ಷೆಯೂ ಪ್ರಮಾಣಪತ್ರವೂ ಬೇಕು. 1923ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ ಈ ಅಗತ್ಯ ಹಾಗೆಯೇ ಇದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದರೆ ಫೈರ್‌ಬಾಕ್ಸಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೊಸದಾಗಿ ಮಾಡಬೇಕಾಗುತ್ತದೆ, ಹಳೆಯ ತಾಮ್ರವೆಲ್ಲ ಹೋಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಚಲಿಸುವ ಭಾಗಗಳನ್ನು ಸಡಿಲಗೊಳಿಸಿ, ಗಾಲಿಗಳು ಉರುಳುವಂತೆ ಮಾಡಿ, ಬಾಯ್ಲರನ್ನು ಇದ್ದ ಸ್ಥಿತಿಯಲ್ಲಿಯೇ ಒಣಗಿಸಿ ಕಾಪಿಡುವುದೆಂದು ತೀರ್ಮಾನವಾಯಿತು. ಬೆಂಕಿ ಬೀಳದ ಎಂಜಿನ್ ಸತ್ತಂತೆಯೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೊಂಬತ್ತು ವರ್ಷ ಹಿಂದಿನ ಕೆಲಸಗಾರ ಹೊಡೆದ ರಿವೆಟ್ಟು ಇರುವ ತಾಮ್ರವನ್ನು ಕಿತ್ತುಹಾಕಿ ವರ್ಷಕ್ಕೆ ಎರಡು ಬಾರಿ ಸೀಟಿ ಊದಿಸುವುದಕ್ಕಿಂತ, ಆ ತಾಮ್ರವನ್ನೇ ವಿದ್ಯಾರ್ಥಿಗಳಿಗೆ ತೋರಿಸುವುದು ಹೆಚ್ಚಿನ ಕೆಲಸ.

ಸಾಗಣೆಯ ಕುರಿತು ಹೆಚ್ಚು ಹೇಳುವುದಿಲ್ಲ. ಕ್ರೇನಿನ ಪಟ್ಟಿಯನ್ನು ಬಾಯ್ಲರಿಗಾಗಲಿ ಕ್ಯಾಬಿಗಾಗಲಿ ಸುತ್ತದೆ ಫ್ರೇಮಿನಿಂದಲೇ ಎತ್ತಿದರು, ಅಡ್ಡ ತೊಲೆಯನ್ನು ತಾವೇ ತಂದಿದ್ದರು. ಅಂಟಿಕೊಂಡಿದ್ದ ಗಾಲಿಗಳನ್ನು ಬಲವಂತವಾಗಿ ಎಳೆಯದೆ ತಗ್ಗಿನ ಟ್ರೇಲರಿನ ಮೇಲೆ ನೇರವಾಗಿ ಇಳಿಸಿದರು. ಇಷ್ಟು ಮಾಡದವರಿಗೆ ಎಂಜಿನ್ ಕೊಡಬೇಡಿ.

ಬಿಚ್ಚುವ ಕೆಲಸವನ್ನು ನೋಡಲು ನಾನು ಆಗಾಗ ಹೋಗುತ್ತಿದ್ದೆ. ಪ್ರತಿ ಭಾಗವನ್ನು ತೆಗೆಯುವ ಮೊದಲು ಅದು ಇದ್ದ ಜಾಗದಲ್ಲಿಯೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ತಗಡಿನ ಚೀಟಿಗೆ ಅಂಕಿ ಒತ್ತಿ ತಂತಿಯಿಂದ ಕಟ್ಟಿ, ಆ ಅಂಕಿಯನ್ನು ದೊಡ್ಡ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು: ಭಾಗದ ಹೆಸರು, ಯಾವ ಲೋಹ, ಯಾವ ಸ್ಥಿತಿ, ಹಿಂದೆ ದುರಸ್ತಿಯಾದ ಗುರುತು ಇದೆಯೇ, ಏನು ಮಾಡಲಾಯಿತು. ಹಿಂದಿನ ದುರಸ್ತಿಯ ಕಾಲಮ್ಮು ನನಗೆ ಬಹಳ ಮೆಚ್ಚಿಗೆಯಾಯಿತು. ಸಕ್ಕರೆ ಕಾರ್ಖಾನೆಯ ಕಮ್ಮಾರ ಯಾವುದೋ ಹಂಗಾಮಿನ ನಡುವೆ ಸಿಕ್ಕ ಪಟ್ಟಿಯನ್ನೇ ಬಡಿದು ಮಾಡಿದ ಬ್ರೇಕಿನ ಕೊಂಡಿ ಮೂಲ ಜರ್ಮನ್ ಭಾಗದಂತೆ ನಯವಾಗಿಲ್ಲ. ಆದರೆ ಎಂಜಿನ್ ಇಷ್ಟು ಕಾಲ ದುಡಿದದ್ದು ಆ ಕಮ್ಮಾರನಿಂದ. ಅದನ್ನು ತೆಗೆದು ಹೊಸದನ್ನು ಹಾಕಬಹುದಿತ್ತು. ಅವರು ತುಕ್ಕು ತೆಗೆದು ಅದನ್ನೇ ಮತ್ತೆ ಕೂರಿಸಿದರು, ರಿಜಿಸ್ಟರಿನಲ್ಲಿ ಆ ಕೊಂಡಿಯ ಚಿತ್ರವನ್ನೂ ಬರೆದಿಟ್ಟರು.

ಕನೆಕ್ಟಿಂಗ್ ರಾಡಿನ ಪಿನ್ನು ಅಲುಗಾಡದೆ ಕೂತಿದ್ದಾಗ, ಬೇಗ ಮುಗಿಸಲು ದೊಡ್ಡ ಸುತ್ತಿಗೆ ಬಳಸಬಾರದೇ ಎಂದು ಸಂಸ್ಥೆಯ ಒಬ್ಬರು ಕೇಳಿದರು. ಬಾಗಲಕೋಟೆಯ ಕಡೆಯವರಾದ ಮೇಸ್ತ್ರಿ, "ಬಡದ್ರ ಬರತೈತ್ರಿ ಸರ್, ಆದ್ರ ಮ್ಯಾಲಿನ ನಂಬರ್ ಹಾಳಾಗತೈತಿ. ಎಣ್ಣಿ ಬಿಟ್ಟು ಇಡೂಣು, ತಾನ ಸಡ್ಲ ಆಗಲಿ" ಎಂದು ಹೇಳಿ ಬೇರೆ ಕೆಲಸಕ್ಕೆ ಹೋದರು. ಸಿಲಿಂಡರುಗಳಿಗೂ ಹಾಗೆಯೇ ತೆಳು ಎಣ್ಣೆ ತುಂಬಿಸಿ ವಾರಗಟ್ಟಲೆ ಬಿಟ್ಟರು, ಆಗಾಗ ಹೊರಗಿನಿಂದ ಹದವಾಗಿ ಬಿಸಿ ಮಾಡಿದರು. ಪಿಸ್ಟನ್ನು ಕೊನೆಗೆ ಜಾಕಿನ ಸಣ್ಣ ಒತ್ತಡಕ್ಕೆ ಸರಿಯಿತು, ಸಿಲಿಂಡರಿನ ಒಳಮೈಗೆ ಒಂದು ಗೀರೂ ಬೀಳಲಿಲ್ಲ.

ಈ ಕಂಪನಿಯ ಸಣ್ಣ ಎಂಜಿನ್ನುಗಳಲ್ಲಿ ಒಂದು ವಿಶೇಷವಿದೆ. ನೀರಿನ ತೊಟ್ಟಿ ಬಾಯ್ಲರಿನ ಎರಡು ಪಕ್ಕಗಳಲ್ಲಿ ಇರದೆ, ಫ್ರೇಮಿನ ಎರಡು ತಗಡುಗಳ ನಡುವೆ, ಗಾಲಿಗಳ ಮಟ್ಟದಲ್ಲಿ ಅಡಗಿರುತ್ತದೆ. ಭಾರ ಕೆಳಗೆ ಬರುವುದರಿಂದ ಅಂಕುಡೊಂಕಾದ ಹಳಿಯ ಮೇಲೆ ಎಂಜಿನ್ ಸ್ಥಿರವಾಗಿ ಓಡುತ್ತದೆ. ಆದರೆ ನಿಂತ ಮೇಲೆ ಇದೇ ಅದರ ಮರ್ಮಸ್ಥಾನವಾಗುತ್ತದೆ. ತೊಟ್ಟಿಯ ತಳದಲ್ಲಿ ಉಳಿದ ಕೆಸರು ಎಂದೂ ಒಣಗುವುದಿಲ್ಲ, ಹೊರಗೆ ಎಷ್ಟೇ ಬಣ್ಣ ಬಳಿದರೂ ಒಳಗಿನಿಂದ ಕಬ್ಬಿಣ ಕರಗುತ್ತಲೇ ಇರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಎರಡು ತಗಡುಗಳ ಸಂದಿನಲ್ಲಿ ಸೇರಿಕೊಂಡರೆ ರಿವೆಟ್ಟುಗಳ ತಲೆಯನ್ನೇ ಹಾರಿಸುವಷ್ಟು ಬಲದಿಂದ ಅವನ್ನು ಅಗಲಿಸುತ್ತದೆ. ನಮ್ಮ ಎಂಜಿನ್ನಿನಲ್ಲಿ ಹಾಗೆಯೇ ಆಗಿತ್ತು. ಸಣ್ಣ ಕ್ಯಾಮೆರಾವನ್ನು ತೊಟ್ಟಿಯೊಳಗೆ ಇಳಿಸಿ ನೋಡಿ, ಕೈ ಹೋಗುವ ಕಿಂಡಿಯಿಂದ ಕೆಸರನ್ನು ತೆಗೆದು, ತೀರ ತೆಳುವಾಗಿದ್ದ ತಳದ ತಗಡನ್ನು ಮಾತ್ರ ಕತ್ತರಿಸಿ ಹೊಸ ತಗಡು ಕೂರಿಸಿದರು. ಬೆಸುಗೆ ಹಾಕಿದ್ದರೆ ಕೆಲಸ ಅಗ್ಗವಾಗುತ್ತಿತ್ತು. ಅವರು ಹಳೆಯ ತೂತುಗಳನ್ನೇ ಬಳಸಿ ಬಿಸಿ ರಿವೆಟ್ಟು ಹೊಡೆದರು, ಹೊಸ ತಗಡಿನ ಒಳಬದಿಗೆ ಇಸವಿಯನ್ನು ಒತ್ತಿದರು, ತಳದಲ್ಲಿ ನೀರು ನಿಲ್ಲದಂತೆ ಬಿಚ್ಚಬಹುದಾದ ಪ್ಲಗ್ಗು ಇಟ್ಟರು. ಮುಂದೆ ಯಾರಾದರೂ ಬಿಚ್ಚಿ ನೋಡಿದರೆ ಯಾವುದು ಹಳೆಯದು, ಯಾವುದು ನಮ್ಮ ಕಾಲದ್ದು ಎಂಬ ಬಗ್ಗೆ ಗೊಂದಲವಾಗದು. ಬಿಸಿ ರಿವೆಟ್ಟು ಹೊಡೆಯಬಲ್ಲ ಕೈಗಳು ಇಂದು ಎಷ್ಟು ಉಳಿದಿವೆ ಎಂದು ಯೋಚಿಸಿದರೆ ಕಳವಳವಾಗುತ್ತದೆ. ಅಲ್ಲಿ ಆ ಕೆಲಸ ಬಲ್ಲವರು ಇಬ್ಬರೇ, ಇಬ್ಬರಿಗೂ ವಯಸ್ಸಾಗಿದೆ. ತರಬೇತಿ ಸಂಸ್ಥೆಯ ಹುಡುಗರನ್ನು ಆ ದಿನಗಳಲ್ಲಿ ಅಲ್ಲಿಗೆ ಕರೆದೊಯ್ದು ರಿವೆಟ್ಟನ್ನು ಇಕ್ಕಳದಲ್ಲಿ ಹಿಡಿಯಲು ಅವಕಾಶ ಕೊಟ್ಟಿದ್ದು ವರ್ಕ್‌ಶಾಪಿನವರ ದೊಡ್ಡ ಮನಸ್ಸು.

ಕಳೆದುಹೋದ ಹಿತ್ತಾಳೆ ಮತ್ತು ಗನ್‌ಮೆಟಲ್ ಎಂಬ ತಾಮ್ರದ ಮಿಶ್ರಲೋಹದ ಭಾಗಗಳ ಎರಕದಲ್ಲಿಯೂ ಇದೇ ಶಿಸ್ತು ಕಂಡಿತು. ಮೂಲ ಭಾಗವನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ನಕಲು ಚಿಕ್ಕದಾಗಿ ಬರುತ್ತದೆ, ಏಕೆಂದರೆ ಈ ಲೋಹಗಳು ಆರುವಾಗ ಸುಮಾರು ಶೇಕಡಾ 1.5ರಷ್ಟು ಕುಗ್ಗುತ್ತವೆ. ಅದಕ್ಕೆ ತಕ್ಕಂತೆ ದೊಡ್ಡದಾದ ಮರದ ಪ್ಯಾಟರ್ನ್ ಮಾಡಿಸಿ, ಪಿಂಪ್ರಿಯ ಕಡೆಯ ಒಂದು ಸಣ್ಣ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿ, ಹೊಸ ಭಾಗಗಳ ಹಿಂಬದಿಯಲ್ಲಿ ಇಸವಿ ಕೊರೆಸಿದರು. ತಯಾರಕರ ಫಲಕದ ನಕಲನ್ನು ಮಾತ್ರ ಮಾಡಿಕೊಡಲು ಮೊದಲು ಹಿಂಜರಿದರು. ಹಿಂಬದಿಯಲ್ಲಿ ನಕಲೆಂದು ಬರೆದರೆ ಆಗಬಹುದೆಂದು ಒಪ್ಪಿದರು. ಫೈರ್‌ಬಾಕ್ಸಿನ ನೆತ್ತಿಯಲ್ಲಿ, ನೀರು ತಗ್ಗಿದಾಗ ಕರಗಿ ಬೆಂಕಿಯನ್ನು ನಂದಿಸಬೇಕಾದ ಲೆಡ್ ಪ್ಲಗ್ಗು ಹಾಗೆಯೇ ಇತ್ತು. ಕೊನೆಯ ದಿನದವರೆಗೂ ಯಾರೋ ಆ ಬಾಯ್ಲರಿನ ನೀರಿನ ಮೇಲೆ ಕಣ್ಣಿಟ್ಟಿದ್ದರು ಎಂಬುದಕ್ಕೆ ಅದು ಸಾಕ್ಷಿ.

ಈಗ ಕೊರತೆಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಗಂಭೀರವಾದುದು ಕಲ್ನಾರಿನ ವಿಷಯ. ಬಾಯ್ಲರಿನ ಶಾಖ ಹೊರಹೋಗದಂತೆ ಹೊರತಗಡಿನ ಕೆಳಗೆ ಹಾಕುತ್ತಿದ್ದ ಹೊದಿಕೆಯಲ್ಲಿ ಆ ಕಾಲದಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು ಇರುತ್ತಿತ್ತು. ಒಣಗಿ ಪುಡಿಯಾದ ಅದರ ಎಳೆಗಳು ಉಸಿರಿನಲ್ಲಿ ಸೇರಿದರೆ ಹತ್ತಾರು ವರ್ಷಗಳ ಅನಂತರ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಹೊರತಗಡನ್ನು ಬಿಚ್ಚುವ ದಿನ ಹುಡುಗರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದರು. ನಾನು ಕೆಲಸ ನಿಲ್ಲಿಸಿದೆ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವವರೆಗೆ ಮುಟ್ಟಬಾರದೆಂದು ಹಟ ಹಿಡಿದೆ. ವರದಿಯಲ್ಲಿ ಕಲ್ನಾರು ಇರುವುದು ಖಚಿತವಾದ ಮೇಲೆ ಅವರು ತಡಮಾಡದೆ ಸರಿಯಾದ ಮಾಸ್ಕು, ಬಿಸಾಡುವ ಮೇಲುಡುಪು ತರಿಸಿ, ಹೊದಿಕೆಯನ್ನು ನೀರಿನಿಂದ ನೆನೆಸಿಯೇ ತೆಗೆದು, ದಪ್ಪ ಚೀಲಗಳಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸಿದರು. ಆದರೆ ಗಿರಾಕಿ ಹೇಳುವವರೆಗೆ ಇದು ಅವರಿಗೆ ಹೊಳೆಯದೆ ಇದ್ದದ್ದನ್ನು ನಾನು ಸಣ್ಣ ಲೋಪವೆಂದು ಎಣಿಸಲಾರೆ. ರಿಜಿಸ್ಟರಿನಲ್ಲಿ ಒಂದು ಬೋಲ್ಟಿನ ಚರಿತ್ರೆಯನ್ನು ಬರೆಯುವಷ್ಟು ಎಚ್ಚರವಿರುವವರಿಗೆ ತಮ್ಮ ಹುಡುಗರ ಎದೆಗೂಡಿನ ಬಗ್ಗೆಯೂ ಅಷ್ಟೇ ಎಚ್ಚರ ಇರಬೇಕು. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ, ಅದನ್ನು ಒಣದಾಗಿ ಉಜ್ಜಬಾರದು ಎಂಬುದನ್ನೂ ಹೀಗೆಯೇ ನೆನಪಿಸಬೇಕಾಯಿತು.

ಬಣ್ಣದ ವಿಷಯದಲ್ಲಿ ಆರಂಭ ಚೆನ್ನಾಗಿತ್ತು. ಕ್ಯಾಬಿನ ಪಕ್ಕದಲ್ಲಿ ಅಂಗೈಯಗಲದ ಜಾಗವನ್ನು ಆರಿಸಿ, ನಯವಾದ ಕಾಗದದಿಂದ ನೀರು ಹಚ್ಚಿ ಮೆಟ್ಟಿಲುಮೆಟ್ಟಿಲಾಗಿ ಉಜ್ಜಿದಾಗ, ಪದರಗಳು ಒಂದರ ಸುತ್ತ ಒಂದು ವೃತ್ತವಾಗಿ ಕಂಡವು: ಮೇಲೆ ಸಿಲ್ವರ್, ಅದರ ಕೆಳಗೆ ಕಪ್ಪು, ಮತ್ತೆ ಕಪ್ಪು, ಅದರಡಿಯಲ್ಲಿ ಗಾಢ ಹಸಿರು, ಕಬ್ಬಿಣಕ್ಕೆ ಹತ್ತಿಕೊಂಡು ಸಿಂದೂರ ಬಣ್ಣದ ಪ್ರೈಮರ್. ಆ ಹಸಿರನ್ನೇ ಮತ್ತೆ ತರುವುದೆಂದು ಒಪ್ಪಂದವಾಯಿತು, ಪದರಗಳು ಕಾಣುವ ಆ ಜಾಗವನ್ನು ಬಣ್ಣ ಬಳಿಯದೆ ಪಾರದರ್ಶಕ ಲೇಪದ ಕೆಳಗೆ ಹಾಗೆಯೇ ಬಿಟ್ಟದ್ದು ಅವರದೇ ಸಲಹೆ. ಮರಳು ಹೊಡೆಯುವ ಯಂತ್ರವನ್ನು ತೆಳು ತಗಡಿಗಾಗಲಿ ಹಿತ್ತಾಳೆಗಾಗಲಿ ಬಳಸಲಿಲ್ಲ. ಇಷ್ಟೆಲ್ಲ ಮಾಡಿ, ಕೊನೆಯಲ್ಲಿ ಬಣ್ಣದ ಕೆಲಸವನ್ನು ಕಾರು ಬಣ್ಣ ಮಾಡುವ ಹೊರಗಿನ ಗುತ್ತಿಗೆದಾರನಿಗೆ ಕೊಟ್ಟುಬಿಟ್ಟರು. ಆತ ಕ್ಯಾಬು ಮತ್ತು ಚಿಮಣಿಗೆ ಕನ್ನಡಿಯಂತೆ ಹೊಳೆಯುವ ಪಾಲಿಯುರಿಥೇನ್ ಬಣ್ಣ ಹೊಡೆದು, ರಿವೆಟ್ಟುಗಳ ಸುತ್ತಲಿನ ಕುಳಿಗಳನ್ನು ಪುಟ್ಟಿ ಹಾಕಿ ಮುಚ್ಚಿದ. ಕಬ್ಬಿಣದ ಮೈಮೇಲಿನ ತಟ್ಟು, ಕುಳಿ, ಅಲೆಗಳೆಲ್ಲ ಮಾಯವಾಗಿ ಎಂಜಿನ್ ಹೊಸ ಆಟಿಕೆಯ ಹಾಗೆ ಕಂಡಿತು. ಆಕ್ಷೇಪಿಸಿದಾಗ ಮಾಲೀಕರು ವಾದ ಮಾಡಲಿಲ್ಲ, ಎಲ್ಲವನ್ನೂ ತೆಗೆಸಿ, ಕುಂಚದಿಂದ ಬಳಿಯುವ ಎಣ್ಣೆ ಎನಾಮಲ್ ಹಾಕಿಸಿಕೊಟ್ಟರು, ಅದರ ಖರ್ಚನ್ನು ತಾವೇ ಹೊತ್ತರು. ಅದು ಅವರ ಪ್ರಾಮಾಣಿಕತೆ. ಆದರೆ ಎರಡು ಬಾರಿ ಬಣ್ಣ ತೆಗೆದದ್ದರಿಂದ ಕ್ಯಾಬಿನ ಒಂದು ಮೂಲೆಯಲ್ಲಿ ಹಳೆಯ ಹಸಿರಿನ ಕುರುಹು ಪೂರ್ತಿ ಹೋಯಿತು, ಅದನ್ನು ಯಾವ ಹಣದಿಂದಲೂ ಮರಳಿ ತರಲಾಗದು.

ಖರ್ಚು ಒಟ್ಟಾರೆ ಒಂದು ಮಧ್ಯಮ ದರ್ಜೆಯ ಹೊಸ ಕಾರಿನ ಬೆಲೆಯಷ್ಟಾಯಿತು. ಮಾಡಿದ ಕೆಲಸಕ್ಕೆ ಅದು ಹೆಚ್ಚೆಂದು ನನಗೆ ಅನ್ನಿಸುವುದಿಲ್ಲ. ಆದರೆ ಎರಕಕ್ಕೆ ಬರವಣಿಗೆಯ ಅಂದಾಜು ಕೊಟ್ಟಿರಲಿಲ್ಲ, ಬಿಲ್ಲುಗಳು ತಡವಾಗಿ ಒಟ್ಟಿಗೇ ಬಂದವು, ಮಳೆಗಾಲಕ್ಕೆ ಮುಂಚೆ ಮುಗಿಯಬೇಕಿದ್ದ ಕೆಲಸ ದೀಪಾವಳಿ ದಾಟಿತು. ಬಿಚ್ಚುವವರೆಗೆ ಒಳಗೇನಿದೆಯೆಂದು ತಿಳಿಯದ ಕೆಲಸದಲ್ಲಿ ಒಟ್ಟು ಮೊತ್ತದ ಗುತ್ತಿಗೆ ಯಾರಿಗೂ ಒಳ್ಳೆಯದಲ್ಲ. ಬಿಚ್ಚಿ ವರದಿ ಕೊಡುವುದಕ್ಕೆ ಒಂದು ಮೊತ್ತ, ಆ ವರದಿಯನ್ನು ನೋಡಿದ ಮೇಲೆ ಉಳಿದ ಕೆಲಸಕ್ಕೆ ಇನ್ನೊಂದು ಒಪ್ಪಂದ, ಹೀಗೆ ಎರಡು ಹಂತ ಮಾಡಿಕೊಳ್ಳಿ.

ಮರಳಿ ಬಂದ ಎಂಜಿನ್ನನ್ನು ನಿಲ್ಲಿಸಿದ ಬಗೆಯ ಬಗ್ಗೆ ವರ್ಕ್‌ಶಾಪಿನವರು ಕೊಟ್ಟ ಸಲಹೆ ಅವರು ಮಾಡಿದ ಕೆಲಸದಷ್ಟೇ ಬೆಲೆಯುಳ್ಳದ್ದು. ಊರೂರುಗಳಲ್ಲಿ ಉದ್ಯಾನ, ಕಚೇರಿಗಳ ಮುಂದೆ ಎಂಜಿನ್ನುಗಳನ್ನು ಸಿಮೆಂಟ್ ಕಟ್ಟೆಯ ಮೇಲೆ ಕೂರಿಸಿ, ಗಾಲಿಗಳನ್ನು ಸಿಮೆಂಟಿನಲ್ಲಿಯೇ ಹೂತು, ರಾಡುಗಳಿಗೆ ಸಿಲ್ವರ್ ಬಳಿಯುತ್ತಾರೆ. ಕಟ್ಟೆಯಲ್ಲಿ ನಿಂತ ನೀರು ಗಾಲಿಗಳನ್ನು ತಿನ್ನುತ್ತದೆ, ಸಿಲ್ವರಿನ ಕೆಳಗೆ ನಡೆಯುವುದು ಯಾರಿಗೂ ಕಾಣುವುದಿಲ್ಲ. ತೆರೆದ ಚಿಮಣಿಯಿಂದ ಇಳಿಯುವ ಮಳೆನೀರು ಇನ್ನೂ ದೊಡ್ಡ ಶತ್ರು: ಚಿಮಣಿಯ ಕೆಳಗೆ ಹೊಗೆ ಸೇರುವ ಪೆಟ್ಟಿಗೆಯಾದ ಸ್ಮೋಕ್‌ಬಾಕ್ಸಿನ ತಳದಲ್ಲಿ ಉಳಿದಿರುವ ಕಲ್ಲಿದ್ದಲಿನ ಮಸಿ, ಬೂದಿಗಳಲ್ಲಿ ಗಂಧಕವಿರುವುದರಿಂದ ನೀರು ಬಿದ್ದೊಡನೆ ಅದು ಆಮ್ಲವಾಗಿ ತಗಡನ್ನು ಕೆಳಗಿನಿಂದ ತೂತು ಮಾಡುತ್ತದೆ. ನಮ್ಮ ಎಂಜಿನ್ನಿನ ಸ್ಮೋಕ್‌ಬಾಕ್ಸಿನ ತಳ ಹೀಗೆಯೇ ಜರಡಿಯಾಗಿತ್ತು. ಈಗ ಚಿಮಣಿಗೆ ಒಳಗಿನಿಂದ ಕೂರುವ, ಹೊರಗೆ ಕಾಣದ ಮುಚ್ಚಳವಿದೆ. ಜಲ್ಲಿ, ಮರದ ಸ್ಲೀಪರುಗಳ ಮೇಲೆ ನಿಜವಾದ ಹಳಿ ಹಾಕಿ, ಮೂರು ಕಡೆ ಗಾಳಿಯಾಡುವ ಚಾವಣಿಯ ಕೆಳಗೆ ನಿಲ್ಲಿಸಲಾಗಿದೆ. ರಾಡುಗಳಿಗೆ ಬಣ್ಣವಿಲ್ಲ, ತೆಳು ಮೇಣದ ಲೇಪವಿದೆ. ಗಾಲಿಗಳ ಭಾರ ಒಂದೇ ಬಿಂದುವಿನ ಮೇಲೆ ಬೀಳದಿರಲೆಂದು ಎಂಜಿನ್ನನ್ನು ಕೆಲವು ತಿಂಗಳಿಗೊಮ್ಮೆ ಕಾಲು ಸುತ್ತಿನಷ್ಟು ಸರಿಸುತ್ತೇವೆ. ಉಗಿ ಎಂಜಿನ್ನಿನ ಚಲನೆಯನ್ನು ಜೀವಂತವಾಗಿ ನೋಡಬೇಕೆನ್ನುವ ಮಕ್ಕಳನ್ನು ಕೋಥ್ರೂಡಿನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ಮಿಗೆ ಕಳಿಸಿ, ನಿಜವಾದ ಕಬ್ಬಿಣ ಹೇಗಿರುತ್ತದೆಂದು ತೋರಿಸಲು ಇಲ್ಲಿಗೆ ಕರೆತರುವುದು ಒಳ್ಳೆಯ ಜೋಡಣೆಯಾಗಿದೆ.

ಕೆಲಸ ಮುಗಿದ ಮೇಲೂ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಬಂದು ತೊಟ್ಟಿಯ ಪ್ಲಗ್ಗು ಬಿಚ್ಚಿ ನೋಡುವುದು, ಮೇಣ ಹಚ್ಚುವುದು, ಗ್ರೀಸ್ ತುಂಬುವುದು, ಬಾಯ್ಲರಿನ ಕೆಲವು ಗೊತ್ತಾದ ಬಿಂದುಗಳಲ್ಲಿ ದಪ್ಪ ಅಳೆದು ಅದೇ ರಿಜಿಸ್ಟರಿನಲ್ಲಿ ಬರೆಯುವುದು ಎಂಬ ವಾರ್ಷಿಕ ಒಪ್ಪಂದವನ್ನು ಅವರು ಮಾಡಿಕೊಡುತ್ತಾರೆ. ತಾವಾಗಿ ಹೇಳುವುದಿಲ್ಲ, ನಾವು ಕೇಳಬೇಕು. ಶುಲ್ಕ ಒಂದು ದಿನದ ಕೂಲಿ ಮತ್ತು ಸಾಮಾನಿನ ಖರ್ಚು ಮಾತ್ರ. ಮೂಲ ಕೆಲಸದ ಕರಾರಿನಲ್ಲಿಯೇ ಇದನ್ನು ಬರೆಸಿಕೊಳ್ಳಿ, ರಿಜಿಸ್ಟರಿನ ಒಂದು ಪ್ರತಿ ನಿಮ್ಮಲ್ಲಿಯೂ ಇರಲಿ. ಬಾಯ್ಲರಿನ ಒಳಗೆ ತೇವ ಹೀರಲು ಇಡುವ ಸಿಲಿಕಾ ಜೆಲ್ ಚೀಲಗಳನ್ನು ಬದಲಿಸುವುದು ಈ ಒಪ್ಪಂದದಲ್ಲಿ ಸೇರಿಲ್ಲ. ಮಳೆಗಾಲದಲ್ಲಿ ಅದನ್ನು ತಿಂಗಳಿಗೊಮ್ಮೆ ಮಾಡಬೇಕಾಗುತ್ತದೆ, ನಮ್ಮಲ್ಲಿ ಸಂಸ್ಥೆಯ ಫಿಟ್ಟರ್ ವಿಭಾಗದ ವಿದ್ಯಾರ್ಥಿಗಳೇ ಮಾಡುತ್ತಾರೆ.